‘ಓದ್ಕೋ ಹೋಗು’ ಅಂದ ಮೇಲೆ ಮಗು ಏನು ಮಾಡಬೇಕು?

ಸಂಜೆ ಏಳು ಗಂಟೆಗೆ ನಮ್ಮ ಕಡೆಯ ಯಾವ ಬೀದಿಯಲ್ಲಿ ನಡೆದು ಹೋದರೂ ನಾಲ್ಕು ಮನೆಯಿಂದಾದರೂ ಈ ಮಾತು ಕೇಳಿಬರುತ್ತದೆ: ‘ಓದ್ಕೋ ಹೋಗು.’ ಒಲೆ ಮುಂದೆ ನಿಂತ ಅಮ್ಮ ಹೇಳುತ್ತಾರೆ, ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಲೇ ಅಪ್ಪ ಹೇಳುತ್ತಾರೆ, ಧಾರಾವಾಹಿಯ ನಡುವೆ ಅಜ್ಜಿಯೂ ಹೇಳುತ್ತಾರೆ. ಮಗು ಹೋಗಿ ಪುಸ್ತಕ ತೆಗೆದು ಯಾವುದೋ ಒಂದು ಪುಟ ಬಿಚ್ಚಿಕೊಂಡು ಕೂರುತ್ತದೆ. ಐದು ನಿಮಿಷಕ್ಕೆ ಪೆನ್ಸಿಲ್ ಚೂಪು ಮಾಡಬೇಕು, ಆಮೇಲೆ ನೀರು ಕುಡಿಯಬೇಕು, ಆಮೇಲೆ ಒಂದಕ್ಕೆ ಹೋಗಬೇಕು. ಅರ್ಧ ಗಂಟೆಯಾದ ಮೇಲೆ ನೋಡಿದರೆ ಅದೇ ಪುಟ. ಅಲ್ಲಿಂದ ಬೈಗುಳ ಶುರು.

ನಾನು ಪ್ರಾಥಮಿಕ ಶಾಲೆಯಲ್ಲಿ 22 ವರ್ಷ ಪಾಠ ಮಾಡಿದ್ದೇನೆ, ಇಬ್ಬರು ಮಕ್ಕಳನ್ನು ಬೆಳೆಸಿದ್ದೇನೆ. ಪೋಷಕರ ಸಭೆಯಲ್ಲಿ ಎದುರು ಕೂತು ‘ಮನೇಲಿ ಪುಸ್ತಕ ಮುಟ್ಟೋದೇ ಇಲ್ಲ ಮಿಸ್’ ಎಂದು ಕಣ್ಣಲ್ಲಿ ನೀರು ತಂದುಕೊಳ್ಳುವ ತಾಯಂದಿರನ್ನು ನಾನು ಮೊದಲು ಕೇಳುವುದು, ‘ನೀವು ಅವನಿಗೆ ಏನು ಮಾಡು ಅಂತ ಹೇಳ್ತೀರಿ?’ ಎಂದು. ‘ಓದ್ಕೋ ಅಂತೀನಿ’ ಅನ್ನುತ್ತಾರೆ. ಅಡುಗೆಯೇ ಗೊತ್ತಿಲ್ಲದವರನ್ನು ಒಲೆ ಮುಂದೆ ನಿಲ್ಲಿಸಿ ‘ಮಾಡು’ ಅಂದ ಹಾಗೆ ಇದು. ಯಾವ ಪಾಠ, ಎಷ್ಟು, ಮುಗಿಯಿತು ಅಂತ ಗೊತ್ತಾಗುವುದು ಹೇಗೆ, ಒಂದೂ ಆ ಮಾತಿನಲ್ಲಿಲ್ಲ. ದೊಡ್ಡವರಿಗಾದರೂ ಕೊನೆ ಕಾಣದ ಕೆಲಸಕ್ಕೆ ಕೈ ಹಾಕಲು ಮನಸ್ಸು ಬರುವುದಿಲ್ಲ.

ಕಲಿಯುವ ಮಗುವಿನಲ್ಲಿ ನಾನು ಹುಡುಕುವ ಗುಣಗಳು ನಾಲ್ಕೇ. ಹೇಳಿಸಿಕೊಳ್ಳದೆ ಕೆಲಸಕ್ಕೆ ಕೂರುವುದು, ಕಷ್ಟವಾದ ತಕ್ಷಣ ಎದ್ದು ಹೋಗದಿರುವುದು, ತಿಳಿಯದ್ದನ್ನು ನಾಚಿಕೆಯಿಲ್ಲದೆ ಕೇಳುವುದು, ತನ್ನ ತಪ್ಪನ್ನು ತಾನೇ ಹುಡುಕಿಕೊಳ್ಳುವುದು. ಈ ನಾಲ್ಕು ಬಂದರೆ ಅಂಕ ತಾನಾಗಿ ಹಿಂದೆ ಬರುತ್ತದೆ. ಇವನ್ನು ಬೆಳೆಸುವ ಜಾಗ ಶಾಲೆಗಿಂತ ಹೆಚ್ಚಾಗಿ ಮನೆ. ಹೇಗೆ ಅನ್ನುವುದನ್ನು ನಾನು ಮಾಡಿ ನೋಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ವಾರ ಏನೂ ಹೇಳಬೇಡಿ, ನೋಡಿ

ಯಾವ ಬದಲಾವಣೆಗೂ ಮೊದಲು ಏಳು ದಿನ ಸುಮ್ಮನೆ ಗಮನಿಸಿ. ಮಗು ಎಷ್ಟು ಗಂಟೆಗೆ ಮಲಗುತ್ತದೆ, ಶಾಲೆಯಿಂದ ಬಂದಾಗ ಎಷ್ಟು ಹಸಿದಿರುತ್ತದೆ, ಯಾವ ವಿಷಯದ ಪುಸ್ತಕ ತೆಗೆದಾಗ ಮುಖ ಬಾಡುತ್ತದೆ, ಯಾವುದನ್ನು ತಾನಾಗಿ ತೆಗೆಯುತ್ತದೆ. ಒಂದು ಹಳೇ ಡೈರಿಯಲ್ಲಿ ದಿನಕ್ಕೆ ಎರಡು ಸಾಲು ಬರೆದಿಡಿ.

ಬಹಳ ಸಲ ‘ಓದಲ್ಲ’ ಅನ್ನುವುದರ ಬೇರು ದೇಹದಲ್ಲೇ ಇರುತ್ತದೆ. ಮೂರನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಬೋರ್ಡ್ ಮೇಲಿನದ್ದನ್ನು ದಿನವೂ ತಪ್ಪು ತಪ್ಪಾಗಿ ಬರೆದುಕೊಳ್ಳುತ್ತಿದ್ದ, ಪಕ್ಕದವನ ಪುಸ್ತಕಕ್ಕೆ ಇಣುಕುತ್ತಿದ್ದ. ನಾನೂ ಅವನನ್ನು ಗಮನವಿಲ್ಲದವನು ಅಂದುಕೊಂಡಿದ್ದೆ. ಮುಂದಿನ ಸಾಲಿಗೆ ಕೂರಿಸಿದ ದಿನ ಒಂದು ತಪ್ಪೂ ಇಲ್ಲದೆ ಬರೆದ. ಬೇಕಾಗಿದ್ದುದು ಕನ್ನಡಕ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಅವರು ಬಂದು ಹೋದ ಮೇಲೆ ನಿಮ್ಮ ಮಗುವಿನ ಬಗ್ಗೆ ಏನು ಬರೆದಿದ್ದಾರೆ ಎಂದು ಶಾಲೆಯಲ್ಲಿ ಕೇಳಿ. ಪುಸ್ತಕವನ್ನು ಮೂಗಿಗೆ ತಗಲುವಷ್ಟು ಹತ್ತಿರ ಹಿಡಿಯುವುದು, ಕರೆದರೆ ಎರಡು ಮೂರು ಸಲ ‘ಏನು?’ ಅನ್ನುವುದು ಕಂಡರೆ ಆ ತಂಡಕ್ಕೂ ಕಾಯಬೇಡಿ, ಕಣ್ಣು ಕಿವಿ ತೋರಿಸಿ.

ಇನ್ನು ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾ ತಜ್ಞರು. ಏಳೂವರೆಗೆ ಶಾಲೆ ವ್ಯಾನ್ ಬರುವ ಮಗು ಆರು ಗಂಟೆಗಾದರೂ ಏಳಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ರಾತ್ರಿ ಒಂಬತ್ತಕ್ಕೆ ದೀಪ ಆರಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಒಂಬತ್ತೂವರೆಗೆ ಊಟಕ್ಕೇ ತಟ್ಟೆ ಹಾಕಿರುವುದಿಲ್ಲ. ಅರೆನಿದ್ದೆಯ ಮಗುವಿಗೆ ಏಳರ ಮಗ್ಗಿ ತಲೆಗೆ ಹತ್ತಲಿಲ್ಲ ಎಂದು ಮಗುವನ್ನು ಬೈದು ಫಲವಿಲ್ಲ. ಮೊದಲು ಮನೆಯ ಊಟವನ್ನು ಎಂಟಕ್ಕೆ ತನ್ನಿ. ನಾನು ಹೇಳುವುದರಲ್ಲಿ ಇದೊಂದನ್ನೇ ಮಾಡಿದರೂ ವ್ಯತ್ಯಾಸ ಕಾಣುತ್ತದೆ.

ಗಡಿಯಾರಕ್ಕಿಂತ ಒಂದು ಗುರುತು

ಓದಿಗೆ ‘ಆರೂವರೆ’ ಅಂತ ಹೊತ್ತು ಗೊತ್ತು ಮಾಡಿದರೆ ದಿನವೂ ಚೌಕಾಸಿ ನಡೆಯುತ್ತದೆ. ಇನ್ನೂ ಐದು ನಿಮಿಷ ಇದೆ, ಈಗಷ್ಟೇ ಬಂದೆ, ಇನ್ನೊಂದು ಓವರ್ ಆಡಿ ಬರ್ತೀನಿ. ಅದರ ಬದಲು ಮನೆಯಲ್ಲಿ ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಓದನ್ನು ಕಟ್ಟಿಬಿಡಿ. ನಮ್ಮ ಮನೆಯಲ್ಲಿ ಅದು ದೇವರ ದೀಪ. ಆಟ ಮುಗಿಸಿ ಬಂದು, ಕೈಕಾಲು ತೊಳೆದು, ಹಾಲು ಕುಡಿದು, ದೀಪ ಹಚ್ಚಿದ ಕೂಡಲೇ ಚಾಪೆ ಹಾಸಬೇಕು. ಬೇರೆ ಮನೆಯಲ್ಲಿ ಅದು ಸಂಜೆ ನಮಾಜ್ ಆಗಬಹುದು, ಹಸುವಿನ ಹಾಲು ಕರೆದು ಡೇರಿಗೆ ಹಾಕಿ ಬರುವುದಾಗಬಹುದು, ಅಪ್ಪ ಅಂಗಡಿ ಷಟರ್ ಎಳೆಯುವ ಸದ್ದಾಗಬಹುದು. ಆ ಗುರುತು ಬಂದರೆ ಯಾರೂ ಹೇಳಬೇಕಾಗಿಲ್ಲ. ಮೊದಲ ಎರಡು ವಾರ ನೆನಪಿಸಬೇಕು, ಆಮೇಲೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ.

ಜಾಗಕ್ಕೆ ಪ್ರತ್ಯೇಕ ಕೋಣೆ, ಮೇಜು ಕುರ್ಚಿ ಬೇಕೇಬೇಕು ಅಂತಿಲ್ಲ. ಒಂದೇ ಕೋಣೆಯ ಮನೆಯಲ್ಲೂ ಒಂದು ಮೂಲೆ, ಒಂದು ಚಾಪೆ, ತಲೆಯ ಮೇಲೆ ಬೆಳಕು ಇದ್ದರೆ ಸಾಕು. ಆದರೆ ಅದು ಟಿವಿಗೆ ಬೆನ್ನಾಗಿರಬೇಕು, ಮತ್ತು ಆ ಹೊತ್ತಿನಲ್ಲಿ ಟಿವಿ ಆರಿರಬೇಕು. ಪೆನ್ಸಿಲ್, ಮೆಂಡರ್, ರಬ್ಬರ್, ಸ್ಕೇಲು, ಒಂದು ಲೋಟ ನೀರು ಮೊದಲೇ ಅಲ್ಲಿರಲಿ. ಏಳುವ ನೆಪಗಳಲ್ಲಿ ಅರ್ಧ ಅಲ್ಲಿಗೇ ತಪ್ಪುತ್ತದೆ.

ಎಷ್ಟು ಹೊತ್ತು? ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿಯವರೆಗೆ ಹೋಂವರ್ಕ್ ಕೊಡುವಂತೆಯೇ ಇಲ್ಲ. 3ರಿಂದ 5ನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, 6ರಿಂದ 8ಕ್ಕೆ ದಿನಕ್ಕೆ 1 ಗಂಟೆ. ನಾಲ್ಕನೇ ತರಗತಿ ಮಗುವನ್ನು ಮೂರು ಗಂಟೆ ಕಟ್ಟಿ ಕೂರಿಸುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ನನ್ನ ಅನುಭವದಲ್ಲಿ ಒಂದನೇ, ಎರಡನೇ ತರಗತಿಗೆ 15 ನಿಮಿಷ, ಮೂರರಿಂದ ಐದಕ್ಕೆ ಅರ್ಧ ಗಂಟೆ ಮನಸ್ಸಿಟ್ಟು ಕೂತರೆ ಧಾರಾಳವಾಯಿತು. ದೊಡ್ಡ ಮಕ್ಕಳೂ 25–30 ನಿಮಿಷಕ್ಕೊಮ್ಮೆ ಎದ್ದು ಮೈ ಮುರಿದು ಬರಲಿ.

‘ಓದು’ ಅನ್ನುವುದನ್ನು ಕಣ್ಣಿಗೆ ಕಾಣುವ ಕೆಲಸ ಮಾಡಿ

ಕೂತ ಮೇಲೆ ಮೊದಲ ಕೆಲಸ ಬ್ಯಾಗ್ ಬಿಚ್ಚುವುದು. ನೀವು ಬಿಚ್ಚಬೇಡಿ, ಮಗುವೇ ಬಿಚ್ಚಲಿ. ಇವತ್ತು ಏನೇನು ಆಯಿತು, ನಾಳೆಗೆ ಏನು ಬೇಕು ಅನ್ನುವುದನ್ನು ಒಂದು ಚೀಟಿಯಲ್ಲಿ ತಾನೇ ಬರೆಯಲಿ, ಮುಗಿದದ್ದನ್ನು ಹೊಡೆದು ಹಾಕುತ್ತಾ ಹೋಗಲಿ. ಚೀಟಿಯಲ್ಲಿ ‘ಸಮಾಜ ಓದುವುದು’ ಅಂತಿದ್ದರೆ ಅದನ್ನು ಒಡೆಯಲು ನೀವು ಸಹಾಯ ಮಾಡಿ. ‘ಎರಡು ಪ್ಯಾರಾ ಓದು. ಪುಸ್ತಕ ಮುಚ್ಚು. ಏನಿತ್ತು ಅಂತ ನನಗೆ ಹೇಳು.’ ಇಷ್ಟಾದರೆ ಅದೊಂದು ಕೆಲಸವಾಯಿತು. ಅದಕ್ಕೆ ಶುರುವಿದೆ, ಕೊನೆಯಿದೆ, ಆಯಿತೋ ಇಲ್ಲವೋ ಎಂದು ಮಗುವಿಗೇ ತಿಳಿಯುತ್ತದೆ.

ಪುಸ್ತಕ ಮುಚ್ಚಿ ಹೇಳುವುದೇ ಇದರಲ್ಲಿ ಮುಖ್ಯವಾದದ್ದು. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು, ಕೆಲವರು ಓದಿ, ಹಾಳೆ ಮುಚ್ಚಿಟ್ಟು ನೆನಪಿದ್ದುದನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ನೆನಪಿಸಿಕೊಂಡು ಬರೆದವರು ಅವರನ್ನು ಹಿಂದೆ ಹಾಕಿದ್ದರು. ತರಗತಿಯಲ್ಲಿ ನಾನು ಕಂಡಿದ್ದೂ ಇದನ್ನೇ. ಜೋರಾಗಿ ರಾಗವಾಗಿ ಹತ್ತು ಸಲ ಓದಿದ ಮಗುವಿಗೆ ಬಂದ ಹಾಗೆ ಅನಿಸುತ್ತದೆ, ಸೋಮವಾರ ಕೇಳಿದರೆ ಬಾಯಿ ಕಟ್ಟುತ್ತದೆ. ತಡವರಿಸಿ, ತಲೆ ಕೆರೆದುಕೊಂಡು, ಹುಡುಕಿ ಹೇಳಿದ್ದು ಉಳಿದುಕೊಳ್ಳುತ್ತದೆ. ಮಗು ತಡವರಿಸುತ್ತಿರುವಾಗ ಕಲಿಯುತ್ತಿದೆ ಅಂತಲೇ ತಿಳಿಯಿರಿ, ಬಾಯಿಗೆ ಉತ್ತರ ತುರುಕಬೇಡಿ.

ಇನ್ನೊಂದು ವಿಷಯ ಮರೆವು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲೇ ತೋರಿಸಿದ್ದು, ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ಜಾರಿಹೋಗುತ್ತದೆ ಎಂದು. ಅದಕ್ಕೇ ಭಾನುವಾರ ಎರಡು ಗಂಟೆ ಒಟ್ಟಿಗೆ ಕೂರಿಸುವುದಕ್ಕಿಂತ ಇವತ್ತು ಹತ್ತು ನಿಮಿಷ, ನಾಳೆ ಐದು, ಮೂರು ದಿನ ಬಿಟ್ಟು ಐದು, ವಾರ ಬಿಟ್ಟು ಐದು ಅಂತ ಹಂಚಿದರೆ ಮೇಲು. ಇದಕ್ಕೆ ನಾವು ಮಾಡಿಕೊಂಡಿದ್ದ ಉಪಾಯ ಹಳೇ ಮದುವೆ ಕಾಗದ. ಲಗ್ನಪತ್ರಿಕೆಯ ದಪ್ಪ ರಟ್ಟನ್ನು ಅಂಗೈಯಗಲ ಕತ್ತರಿಸಿ ಖಾಲಿ ಬದಿಯಲ್ಲಿ ಮಗುವಿನ ಕೈಯಲ್ಲೇ ಪ್ರಶ್ನೆ ಬರೆಸುವುದು: ‘8 × 7’, ‘ಕಾವೇರಿ ಹುಟ್ಟುವ ಜಾಗ’, ‘ಗುಣಿತಾಕ್ಷರ ಅಂದರೇನು’. ಬಂದ ಕಾರ್ಡು ಒಂದು ಡಬ್ಬಕ್ಕೆ, ಬಾರದ್ದು ಇನ್ನೊಂದು ಡಬ್ಬಕ್ಕೆ. ಬಾರದವನ್ನು ಮಾರನೇ ದಿನವೇ ಕೇಳುವುದು, ಬಂದವನ್ನು ಭಾನುವಾರ. ನನ್ನ ಮಗಳು ಏಳನೇ ತರಗತಿಗೆ ಬರುವ ಹೊತ್ತಿಗೆ ಎರಡು ಬಿಸ್ಕತ್ತು ಡಬ್ಬ ತುಂಬಿದ್ದವು, ಮತ್ತು ಯಾರೂ ಹೇಳದೆ ತಮ್ಮನಿಗೆ ಅವಳೇ ಕೇಳುತ್ತಿದ್ದಳು.

ಸಿಕ್ಕಿಹಾಕಿಕೊಂಡ ಗಳಿಗೆ

ಕಲಿಯುವ ಗುಣ ಬೆಳೆಯುವುದೂ ಮುರಿಯುವುದೂ ಈ ಗಳಿಗೆಯಲ್ಲಿ. ಮಗು ಒಂದು ಲೆಕ್ಕದ ಮುಂದೆ ನಿಂತುಬಿಟ್ಟಿದೆ. ನಿಮಗೆ ಸಾರಿಗೆ ಒಗ್ಗರಣೆ ಹಾಕುವುದಿದೆ. ‘ಕೊಡಿಲ್ಲಿ’ ಎಂದು ಪೆನ್ಸಿಲ್ ಕಿತ್ತುಕೊಂಡು ಮಾಡಿಬಿಟ್ಟರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮಗು ಅದರಿಂದ ಕಲಿಯುವುದು ಒಂದೇ: ಸುಮ್ಮನೆ ಕೂತರೆ ಅಮ್ಮ ಮಾಡುತ್ತಾಳೆ.

ನಮ್ಮ ಎದುರು ಮನೆಯ ನಾಲ್ಕನೇ ತರಗತಿ ಹುಡುಗಿ ಒಂದು ಸಂಜೆ ನೋಟ್ ಬುಕ್ ಹಿಡಿದು ಬಂದಳು. 503ರಿಂದ 178 ಕಳೆಯಬೇಕು. ಅವಳು ಬರೆದದ್ದು 475. ಮೂರರಿಂದ ಎಂಟು ಹೋಗದು ಅಂತ ಎಂಟರಿಂದ ಮೂರು ಕಳೆದಿದ್ದಳು, ಸೊನ್ನೆಯಿಂದ ಏಳು ಹೋಗದು ಅಂತ ಏಳನ್ನೇ ಇಳಿಸಿದ್ದಳು.

‘ತಪ್ಪು’ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು, ‘ಎಲ್ಲಿಂದ ಶುರು ಮಾಡಿದೆ, ನನಗೂ ಹೇಳು’ ಅಂದೆ.

‘ಬಿಡಿಯಿಂದ ಆಂಟಿ. ಮೂರರಲ್ಲಿ ಎಂಟು ಹೋಗಲ್ಲ.’

‘ಹೋಗದೇ ಇದ್ದರೆ ಏನು ಮಾಡ್ಬೇಕು ಅಂತ ಹೇಳಿಕೊಟ್ಟಿದ್ದಾರೆ?’

‘ಪಕ್ಕದಿಂದ ದಶಕ ತಗೋಬೇಕು. ಆದ್ರೆ ಪಕ್ಕದಲ್ಲಿ ಸೊನ್ನೆ ಇದೆಯಲ್ಲ.’

ಅವಳು ಸಿಕ್ಕಿಹಾಕಿಕೊಂಡಿದ್ದ ಜಾಗ ಅದು. ಕಳೆಯುವುದು ಅವಳಿಗೆ ಬರುತ್ತಿತ್ತು, ಸೊನ್ನೆಯಿಂದ ಎರವಲು ತರುವುದು ಬರುತ್ತಿರಲಿಲ್ಲ. ಮೊದಲೇ ‘ತಪ್ಪು’ ಅಂದಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಚಿಲ್ಲರೆ ಡಬ್ಬ ತಂದು ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ ಅವಳ ಮುಂದಿಟ್ಟೆ. ‘ಇದು ನಿನ್ನ 503. ನನಗೆ ಎಂಟು ರೂಪಾಯಿ ಚಿಲ್ಲರೆ ಕೊಡು.’ ಅವಳು ಮೂರು ನಾಣ್ಯ ನೋಡಿದಳು, ನೋಟು ನೋಡಿದಳು, ಒಂದು ನಿಮಿಷ ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಆ ಒಂದು ನಿಮಿಷ ಬಾಯಿ ಬಿಡದೆ ಇರುವುದು ಪಾಠ ಮಾಡುವುದಕ್ಕಿಂತ ಕಷ್ಟ. ಆಮೇಲೆ ‘ನೂರು ಮುರಿಸ್ಬೇಕು’ ಅಂದಳು. ನೂರನ್ನು ಹತ್ತರ ಹತ್ತು ನೋಟಾಗಿ ಮುರಿಸಿಕೊಂಡಳು. ಅದರಲ್ಲಿ ಒಂದು ಹತ್ತನ್ನು ಮತ್ತೆ ಒಂದೊಂದು ರೂಪಾಯಿಯಾಗಿ. ಈಗ ಕೈಯಲ್ಲಿ ನೂರರ ನಾಲ್ಕು, ಹತ್ತರ ಒಂಬತ್ತು, ಬಿಡಿ ಹದಿಮೂರು. ಅವಳೇ ಎಣಿಸಿ ನೋಟ್ ಬುಕ್ಕಿನ ಸೊನ್ನೆಯ ಮೇಲೆ ಸಣ್ಣದಾಗಿ 9 ಬರೆದಳು, ಐದನ್ನು ಹೊಡೆದು 4 ಮಾಡಿದಳು. ಉತ್ತರ 325 ಬಂತು. ‘ಸರಿಯಾ ಆಂಟಿ?’ ಅಂದಳು. ‘ನೀನೇ ನೋಡು, 325ಕ್ಕೆ 178 ಕೂಡಿಸು’ ಅಂದೆ. ಕೂಡಿಸಿ 503 ಬಂದಾಗ ಅವಳ ಮುಖ ಅರಳಿತು. ಆಮೇಲಿನ ನಾಲ್ಕು ಲೆಕ್ಕಕ್ಕೆ ನನ್ನನ್ನು ಕೇಳಲಿಲ್ಲ.

ಇದರಲ್ಲಿ ಮೂರು ಮಾತು ನಿಮ್ಮ ಮನೆಯಲ್ಲೂ ಕೆಲಸಕ್ಕೆ ಬರುತ್ತವೆ. ‘ಎಲ್ಲಿಯವರೆಗೆ ಬಂತು, ಹೇಳು.’ ‘ಮುಂದೆ ಏನು ಮಾಡಬಹುದು ಅನಿಸುತ್ತೆ?’ ‘ಸರಿಯಿದೆಯಾ ಅಂತ ನೀನೇ ಹೇಗೆ ನೋಡ್ತೀಯಾ?’ ಕೇಳಿದ ಮೇಲೆ ಮನಸ್ಸಿನಲ್ಲೇ ನಿಧಾನಕ್ಕೆ ಹತ್ತರವರೆಗೆ ಎಣಿಸಿ. ಆಮೇಲೂ ಬಾರದಿದ್ದರೆ ಒಂದು ಹೆಜ್ಜೆ ಮಾತ್ರ ತೋರಿಸಿ, ಉಳಿದದ್ದು ಮಗುವಿಗೆ ಬಿಡಿ. ನಿಮಗೂ ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲ, ನಾಳೆ ಮಿಸ್‌ನ ಕೇಳು, ನನಗೂ ಬಂದು ಹೇಳಿಕೊಡು’ ಎನ್ನಿ. ಗೊತ್ತಿಲ್ಲ ಅನ್ನುವುದರಲ್ಲಿ ಅವಮಾನವಿಲ್ಲ ಅನ್ನುವುದನ್ನು ಮಗು ಕಲಿಯುವುದು ದೊಡ್ಡವರು ಹಾಗೆ ಹೇಳುವುದನ್ನು ಕೇಳಿಸಿಕೊಂಡೇ.

ಪ್ರಾಜೆಕ್ಟ್ ವಿಷಯದಲ್ಲೂ ಇದೇ. ಅಪ್ಪ ಅಮ್ಮ ರಾತ್ರಿ ಹನ್ನೊಂದರವರೆಗೆ ಕೂತು ಥರ್ಮೋಕೋಲ್ ಕತ್ತರಿಸಿ ಮಾಡಿದ ಜ್ವಾಲಾಮುಖಿ ಯಾವುದು, ಮಗುವೇ ಅಂಟಂಟಾಗಿ ಅಂಟಿಸಿದ್ದು ಯಾವುದು ಅನ್ನುವುದು ನೋಡಿದ ತಕ್ಷಣ ಶಿಕ್ಷಕರಿಗೆ ಗೊತ್ತಾಗುತ್ತದೆ. ಆ ಅಂಟಂಟಿನ ಚಾರ್ಟ್‌ಗೇ ಬೆಲೆ ಜಾಸ್ತಿ. ಅಂಗಡಿಯಿಂದ ಸಾಮಾನು ತಂದುಕೊಡಿ, ಚೂಪಾದ ಬ್ಲೇಡ್ ನೀವು ಹಿಡಿಯಿರಿ, ಮಿಕ್ಕಿದ್ದು ಅವರದ್ದು.

ಹೊಗಳುವುದಾದರೆ ಏನನ್ನು ಹೊಗಳಬೇಕು

‘ನನ್ನ ಬಂಗಾರ, ಎಷ್ಟು ಜಾಣ!’ ಅನ್ನುವುದು ನಮ್ಮ ಬಾಯಿಗೆ ರೂಢಿಯಾದ ಮಾತು. ಪ್ರೀತಿಗೆ ಹೇಳಿದರೆ ತಪ್ಪಿಲ್ಲ. ಆದರೆ ಪ್ರತಿ ಸರಿ ಉತ್ತರಕ್ಕೂ ‘ಜಾಣ’ ಅಂದರೆ, ತಪ್ಪು ಉತ್ತರ ಬಂದ ದಿನ ಮಗು ತನ್ನನ್ನು ತಾನು ‘ದಡ್ಡ’ ಅಂದುಕೊಳ್ಳುತ್ತದೆ. 1998ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿ ಮಕ್ಕಳ ಮೇಲೆ ಮಾಡಿ ಪ್ರಕಟಿಸಿದ ಅಧ್ಯಯನದಲ್ಲಿ ಬುದ್ಧಿವಂತರೆಂದು ಹೊಗಳಿಸಿಕೊಂಡ ಮಕ್ಕಳು ಆಮೇಲೆ ಹೆಚ್ಚಾಗಿ ಸುಲಭದ ಕೆಲಸವನ್ನೇ ಆರಿಸಿಕೊಂಡರು, ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು. ಪಟ್ಟ ಶ್ರಮವನ್ನು ಹೊಗಳಿಸಿಕೊಂಡವರಲ್ಲಿ ಬಹುಪಾಲು ಮಕ್ಕಳು ಹೊಸದನ್ನು ಕಲಿಸುವ ಕಷ್ಟದ ಕೆಲಸ ಆರಿಸಿಕೊಂಡರು.

ಆದ್ದರಿಂದ ಕಂಡದ್ದನ್ನು ಹೇಳಿ. ‘ಆ ಲೆಕ್ಕ ಮೂರು ಸಲ ಅಳಿಸಿ ಮತ್ತೆ ಮಾಡಿದೆ, ಬಿಡಲಿಲ್ಲ ನೀನು.’ ‘ಒತ್ತಕ್ಷರ ಅನುಮಾನ ಬಂದಾಗ ಪಾಠ ತೆಗೆದು ನೋಡಿಕೊಂಡೆ, ಒಳ್ಳೆ ಕೆಲಸ.’ ಏನು ಮಾಡಿದ್ದರಿಂದ ಸರಿಬಂತು ಅನ್ನುವುದು ಮಗುವಿಗೆ ಇದರಿಂದ ತಿಳಿಯುತ್ತದೆ, ನಾಳೆ ಅದನ್ನೇ ಮತ್ತೆ ಮಾಡಬಹುದು.

ಬಹುಮಾನದಲ್ಲಿ ಸ್ವಲ್ಪ ಹುಷಾರಾಗಿರಿ. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ‘ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟ ಪ್ರಯೋಗವೊಂದು 1973ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಕೆಲವು ದಿನದ ನಂತರ ನೋಡಿದರೆ ಆ ಮಕ್ಕಳಿಗೆ ಚಿತ್ರದ ಮೇಲಿನ ಆಸೆಯೇ ಕುಗ್ಗಿತ್ತು. ಕಥೆ ಪುಸ್ತಕವನ್ನು ತಾನಾಗಿ ಓದುವ ಮಗುವಿಗೆ ‘ಓದಿದರೆ ಚಾಕ್ಲೇಟ್’ ಅನ್ನಬೇಡಿ. ಮಗ್ಗಿ, ಕಾಪಿ ಬರವಣಿಗೆಯಂಥ ಬೇಸರದ ಕೆಲಸ ಶುರು ಮಾಡಿಸಲು ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ, ಹತ್ತು ಚುಕ್ಕೆಗೆ ಭಾನುವಾರ ಅಪ್ಪನ ಜೊತೆ ಕೆರೆ ಏರಿ ಮೇಲೆ ಸೈಕಲ್ ಅಂದರೆ ನನಗೇನೂ ತಪ್ಪು ಕಾಣುವುದಿಲ್ಲ. ‘ಫಸ್ಟ್ ಬಂದರೆ ಮೊಬೈಲ್ ಕೊಡಿಸ್ತೀನಿ’ ಅನ್ನುವುದನ್ನು ಮಾತ್ರ ಬೇಡವೇ ಬೇಡ ಅನ್ನುತ್ತೇನೆ. ಫಸ್ಟ್ ಬರುವುದು ಮಗುವಿನ ಕೈಯಲ್ಲಿಲ್ಲ, ದಿನವೂ ಕೂರುವುದು ಅದರ ಕೈಯಲ್ಲಿದೆ.

ಟೆಸ್ಟ್ ಪೇಪರ್ ಮನೆಗೆ ಬಂದ ದಿನ

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನನ್ನ ಮಗ ಎರಡನೇ ತರಗತಿಯಲ್ಲಿದ್ದಾಗ ಉಕ್ತಲೇಖನದಲ್ಲಿ ಹತ್ತಕ್ಕೆ ಮೂರು ತಂದ. ದಿನವಿಡೀ ಬೇರೆ ಮಕ್ಕಳಿಗೆ ತಾಳ್ಮೆಯಿಂದ ಹೇಳಿಕೊಟ್ಟು ಬಂದವಳು ನನ್ನ ಮಗುವಿಗೆ ಹೊಡೆದೆ. ‘ಟೀಚರ್ ಮಗನಾಗಿ ನಿನಗೆ ಒತ್ತು ಕೊಡೋಕೆ ಬರಲ್ವಾ’ ಅಂದೆ. ಅವನು ಅಳಲಿಲ್ಲ. ತಿಂಗಳಾದ ಮೇಲೆ ಅಕ್ಕಿ ಡಬ್ಬದ ಹಿಂದೆ ನಾಲ್ಕಾಗಿ ಮಡಿಸಿದ ಐದು ಹಾಳೆ ಸಿಕ್ಕವು. ಅಷ್ಟೂ ವಾರದ ಉಕ್ತಲೇಖನ. ಹೊಡೆತದಿಂದ ಅವನು ಒತ್ತಕ್ಷರ ಕಲಿಯಲಿಲ್ಲ, ಬಚ್ಚಿಡುವುದನ್ನು ಕಲಿತಿದ್ದ. ಆ ಹಾಳೆಗಳನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಾಲೆಯಲ್ಲಿ ಬೇಡವಾದದ್ದು ಮನೆಯಲ್ಲಿ ಒಳ್ಳೆಯದಾಗುವುದು ಹೇಗೆ? ‘ಪಕ್ಕದ ಮನೆಯವನನ್ನು ನೋಡಿ ಕಲಿ’ ಅನ್ನುವುದನ್ನೂ ನಾನು ಹೊಡೆತದ ಪಟ್ಟಿಗೇ ಸೇರಿಸುತ್ತೇನೆ.

ಪೇಪರ್ ಬಂದ ದಿನ ಅಂಕದ ಮಾತು ಬೇಡ. ಊಟವಾಗಲಿ. ಮಾರನೇ ಸಂಜೆ ಇಬ್ಬರೂ ಕೂತು ತಪ್ಪುಗಳನ್ನು ಮೂರು ಬಣ್ಣದಲ್ಲಿ ಗುರುತು ಮಾಡಿ. ಪಾಠವೇ ಬಾರದೆ ತಪ್ಪಿದ್ದಕ್ಕೆ ಕೆಂಪು, ಗೊತ್ತಿದ್ದೂ ಅವಸರಕ್ಕೆ ತಪ್ಪಿದ್ದಕ್ಕೆ ನೀಲಿ, ಪ್ರಶ್ನೆಯೇ ಅರ್ಥವಾಗದೆ ತಪ್ಪಿದ್ದಕ್ಕೆ ಹಸಿರು. ಕೆಂಪು ಜಾಸ್ತಿಯಿದ್ದರೆ ಆ ಪಾಠಕ್ಕೆ ಮತ್ತೆ ಹೋಗಬೇಕು. ನೀಲಿ ಜಾಸ್ತಿಯಿದ್ದರೆ ಬರೆದ ಮೇಲೆ ಒಮ್ಮೆ ತಿರುಗಿ ನೋಡುವ ಅಭ್ಯಾಸ ಬೇಕು. ಹಸಿರು ಜಾಸ್ತಿಯಿದ್ದರೆ ತೊಂದರೆ ಭಾಷೆಯಲ್ಲಿದೆ. ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ನಮ್ಮ ಎಷ್ಟೋ ಮಕ್ಕಳ ಪೇಪರಿನಲ್ಲಿ ನಾನು ಕಂಡಿರುವುದು ಹಸಿರೇ. ವಿಜ್ಞಾನ ಗೊತ್ತಿದೆ, ಪ್ರಶ್ನೆ ಏನು ಕೇಳುತ್ತಿದೆ ಅಂತ ಗೊತ್ತಿಲ್ಲ. ಅಂಥ ಮಗುವಿಗೆ ಪಾಠವನ್ನು ಮೊದಲು ಕನ್ನಡದಲ್ಲಿ ಅರ್ಥ ಮಾಡಿಸಿ, ಆಮೇಲೆ ಇಂಗ್ಲಿಷ್ ಪದ ಕೂಡಿಸಿ.

ಮೊಬೈಲ್ ಬಗ್ಗೆ ನನ್ನ ನಿಯಮ ಒಂದೇ: ಓದುವ ಹೊತ್ತಿನಲ್ಲಿ ಮನೆಯ ಎಲ್ಲರ ಫೋನೂ ಫ್ರಿಜ್ ಮೇಲೆ ಹೋಗಬೇಕು, ಅಪ್ಪನದ್ದೂ ಸೇರಿ. ಹೋಂವರ್ಕ್ ವಾಟ್ಸಾಪ್ ಗುಂಪಿನಲ್ಲಿ ಬರುವುದಾದರೆ ಮೊದಲು ಅದನ್ನು ಚೀಟಿಗೆ ಬರೆದುಕೊಂಡು ಫೋನ್ ಎತ್ತಿಡಿ. ರೀಲ್ಸ್ ನೋಡುತ್ತಾ ಕೂತ ಅಪ್ಪನ ಬಾಯಿಂದ ಬರುವ ‘ಓದ್ಕೋ’ಗೆ ತೂಕವಿಲ್ಲ. ಅವರೂ ಆ ಅರ್ಧ ಗಂಟೆ ಪೇಪರ್ ಓದಲಿ, ಅಂಗಡಿ ಲೆಕ್ಕ ಬರೆಯಲಿ, ಸೊಪ್ಪು ಸೋಸಲಿ. ಪಕ್ಕದಲ್ಲಿ ಕೂತು ಒಂದು ಕೆಲಸ ಮಾಡಲಿ.

ನಮಗೇ ಓದು ಬರದಿದ್ದರೆ?

ಈ ಪ್ರಶ್ನೆಯನ್ನು ತಲೆ ತಗ್ಗಿಸಿ ಕೇಳಿದ ತಾಯಿಯೊಬ್ಬರು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವರು. ಅವರಿಗೆ ನಾನು ಹೇಳಿದ್ದು, ‘ರಾತ್ರಿ ಪಾತ್ರೆ ತೊಳೆಯುವಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವತ್ತು ಏನು ಕಲಿತೆ ನನಗೂ ಹೇಳಿಕೊಡು ಅನ್ನಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಿ.’ ವರ್ಷದ ಕೊನೆಯಲ್ಲಿ ಆ ಹುಡುಗಿ ತರಗತಿಯಲ್ಲಿ ಎದ್ದು ನಿಂತು ವಿವರಿಸುವುದರಲ್ಲಿ ಎಲ್ಲರಿಗಿಂತ ಮುಂದಿದ್ದಳು. ಅಮ್ಮನಿಗೆ ಅರ್ಥವಾಗುವವರೆಗೆ ಹೇಳಿ ಹೇಳಿ ಅವಳಿಗೆ ವಿಷಯ ತಿಳಿಯಾಗಿತ್ತು. ಅಮ್ಮ ಅಂಗಡಿ ಬೋರ್ಡ್ ಓದುವಷ್ಟು ಅಕ್ಷರವನ್ನೂ ಕಲಿತಿದ್ದರು.

ಮಗು ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿದ್ದರೆ ಇನ್ನೂ ಸುಲಭ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನ ವೇಗಕ್ಕೆ ಕಲಿಕಾ ಏಣಿಯ ಮೆಟ್ಟಿಲು ಹತ್ತುತ್ತದೆ. ‘ಈಗ ಯಾವ ಮೆಟ್ಟಿಲಲ್ಲಿದ್ದೀಯಾ?’ ಅಂತ ಕೇಳಿದರೆ ಮಕ್ಕಳು ಖುಷಿಯಿಂದ ಹೇಳುತ್ತಾರೆ.

ಪಠ್ಯವಲ್ಲದ ಪುಸ್ತಕವೂ ಮನೆಯಲ್ಲಿರಲಿ. ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಬಂದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಶನಿವಾರ ಮಗುವಿನ ಕೈ ಹಿಡಿದು ಹೋಗಿ. ಪುಸ್ತಕ ಅದೇ ಆರಿಸಲಿ. ತೆಳ್ಳನೆಯದು, ಚಿತ್ರವೇ ಜಾಸ್ತಿ ಇರುವುದು ಆರಿಸಿದರೂ ಬೇಡ ಅನ್ನಬೇಡಿ.

ಶಾಲೆಗೆ ಹೋದಾಗ

ಪೋಷಕರ ಸಭೆಗೋ, ಮಕ್ಕಳ ಕಲಿಕೆಯನ್ನು ಪೋಷಕರ ಮುಂದಿಡುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮಕ್ಕೋ ಹೋದಾಗ ‘ಹೇಗೆ ಓದ್ತಾನೆ?’ ಅಂದರೆ ‘ಪರವಾಗಿಲ್ಲ, ಇನ್ನೂ ಸ್ವಲ್ಪ ಗಮನ ಕೊಡಬೇಕು’ ಅನ್ನುವ ಉತ್ತರ ಬರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ನಾನೂ ಅದನ್ನೇ ಹೇಳಿದ್ದೇನೆ. ನಿರ್ದಿಷ್ಟವಾಗಿ ಕೇಳಿ: ‘ಗೊತ್ತಾಗದಿದ್ದಾಗ ಕೈ ಎತ್ತಿ ಕೇಳ್ತಾನಾ?’ ‘ಕೊಟ್ಟ ಕೆಲಸ ತಾನಾಗಿ ಶುರು ಮಾಡ್ತಾಳಾ?’ ‘ಈ ತಿಂಗಳು ಮನೆಯಲ್ಲಿ ಒಂದೇ ವಿಷಯಕ್ಕೆ ಗಮನ ಕೊಡೋದಾದ್ರೆ ಯಾವುದಕ್ಕೆ ಕೊಡ್ಲಿ?’ ಹೀಗೆ ಕೇಳುವ ಪೋಷಕರ ಮಗುವನ್ನು ಶಿಕ್ಷಕರು ಮಾರನೇ ದಿನದಿಂದ ಬೇರೆ ಕಣ್ಣಿನಿಂದ ನೋಡುತ್ತಾರೆ. ಮಗುವಿನ ಎದುರು ಶಿಕ್ಷಕರನ್ನು ಹಳಿಯುವುದು, ಶಿಕ್ಷಕರ ಎದುರು ಮಗುವನ್ನು ಹಳಿಯುವುದು, ಎರಡೂ ಬೇಡ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ

ಕೆಲವು ಮಕ್ಕಳಿಗೆ ಹೊತ್ತು, ಜಾಗ, ಪ್ರೀತಿ ಎಲ್ಲ ಇದ್ದರೂ ಅಕ್ಷರ ಕೂಡಿ ಬರುವುದಿಲ್ಲ. ಬಾಯಲ್ಲಿ ಕೇಳಿದರೆ ಪಟಪಟ ಉತ್ತರ, ಬರೆಯಲು ಹೇಳಿದರೆ ಹಾಳೆ ಖಾಲಿ. ನಾಲ್ಕನೇ ತರಗತಿಗೆ ಬಂದರೂ ಒಂದು ಸಾಲು ಓದಲು ಬೆವರು. ನಿನ್ನೆ ಸರಿಯಾಗಿ ಬರೆದ ಪದ ಇವತ್ತು ಬೇರೆಯದೇ. ಇಂಥ ಮಗುವನ್ನು ಸೋಮಾರಿ ಅನ್ನುವ ಮೊದಲು ತಜ್ಞರಿಗೆ ತೋರಿಸಿ. ಅದು ಕಲಿಕಾ ನ್ಯೂನತೆ ಇರಬಹುದು, ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಪರೀಕ್ಷೆ ಮಾಡುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಇದು ಸೇರಿದೆ, ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಯೂ ಸಿಗುತ್ತದೆ. ಹತ್ತನೇ ತರಗತಿಯವರೆಗೆ ಕಾಯಬೇಡಿ. ಎಂಟನೇ ವಯಸ್ಸಿನಲ್ಲಿ ತಿಳಿದರೆ ಮಗು ‘ನಾನು ದಡ್ಡ’ ಎಂದು ನಂಬುವುದಕ್ಕೆ ಮುಂಚೆಯೇ ಸಹಾಯ ಸಿಗುತ್ತದೆ.

ತಪ್ಪಿದ ದಿನಗಳು

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಮೊದಲ ತಿಂಗಳು ಊಟ ನಿದ್ದೆಯ ಹೊತ್ತು ಮತ್ತು ಚಾಪೆ, ಎರಡನೇ ತಿಂಗಳು ಚೀಟಿ ಮತ್ತು ಪುಸ್ತಕ ಮುಚ್ಚಿ ಹೇಳುವುದು, ಕಾರ್ಡಿನ ಡಬ್ಬ ಆಮೇಲೆ. ಮದುವೆ, ಜ್ವರ, ಊರಹಬ್ಬ ಬಂದು ನಾಲ್ಕು ದಿನ ತಪ್ಪಿಯೇ ತಪ್ಪುತ್ತದೆ. ದಸರಾ ರಜೆ ಮುಗಿದ ಮೇಲಂತೂ ಎಲ್ಲ ಮರೆತ ಹಾಗಿರುತ್ತದೆ. ತಪ್ಪಿದ್ದನ್ನು ತುಂಬಿಸಲು ಮೊದಲ ದಿನವೇ ಒಂದು ಗಂಟೆ ಕೂರಿಸಬೇಡಿ. ರಜೆಯ ನಂತರದ ಮೊದಲ ಸಂಜೆ ಹತ್ತೇ ನಿಮಿಷ, ಅದರಲ್ಲೂ ಮಗುವಿಗೆ ಚೆನ್ನಾಗಿ ಬರುವ ಪಾಠ. ಎರಡನೇ ದಿನ ಹದಿನೈದು. ವಾರದೊಳಗೆ ಹಳೇ ಹದಕ್ಕೆ ಬರುತ್ತದೆ. ಆ ಹತ್ತು ನಿಮಿಷವೂ ದೀಪ ಹಚ್ಚಿದ ಮೇಲೆಯೇ ಇರಲಿ, ಅದೇ ಚಾಪೆಯ ಮೇಲೆಯೇ ಇರಲಿ.